ಕಾಕಾನ್ನ ಜೂನ್‌ದಾಗ ಡೆತ್ ವ್ಯಾಲಿಗೆ ಕರಕೊಂಡು ಹೋಗಬ್ಯಾಡ ಮಾರಾಯ

ದೋಸ್ತ,

ನಿನ್ನ ಪ್ಲಾನ್ ನೋಡ್ದೆ. ಕಾಕಾ-ಕಾಕು ಮೇ ಕೊನಿಗೆ ಬರ್ತಾರ, ಜೂನ್‌ದಾಗ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕು, ಅಲ್ಲಿಂದ ಡೆತ್ ವ್ಯಾಲಿ ಮರುಭೂಮಿ, ಮತ್ತ ಮ್ಯಾಲೆ ಲಾಸೆನ್, ಎಲ್ಲಾ ಒಂದ ವಾರದಾಗ. ಲೇ, ತಲಿ ನೆಟ್ಟಗೈತಿಲ್ಲೋ? ಅಲ್ಲಿದ್ದಾಗ ಆ ರೋಡಿನ್ಯಾಗ ಗಾಡಿ ಹೊಡದೀನಿ, ಅದಕ್ಕ ಹೇಳ್ತೀನಿ. ಡೆತ್ ವ್ಯಾಲಿ ಒಳಗಿನ ಫರ್ನೇಸ್ ಕ್ರೀಕ್‌ನಾಗ 1913ರ ಜುಲೈ 10ಕ್ಕ 56.7 ಡಿಗ್ರಿ ಬಿಸಲು ಬರದಿಟ್ಟಾರ, ಜಗತ್ತಿನ ದಾಖಲೆ ಅದು, ಈಗೂ ಜುಲೈದಾಗ 45 ದಾಟಿತು ಅಂದ್ರ ಅಲ್ಲಿ ಅದು ಸುದ್ದೀನ ಅಲ್ಲ. ಗದಗಿನ ಬಿಸಲು ಕಂಡವ್ರು ಅಂತ ಧೈರ್ಯ ಮಾಡಬ್ಯಾಡ, ಕಾಕಾನ ಬಿಪಿ ಗುಳಿಗಿ ನೆನಪ ಮಾಡ್ಕೋ.

ಹಂಗಂತ ಡಿಸೆಂಬರ್‌ಕ್ಕ ದೂಡಿದ್ರೂ ನಡಿಯಂಗಿಲ್ಲ. ಮರುಭೂಮಿ ಆವಾಗ ಭಾಳ ಚಲೋ, ಆದ್ರ ಯೊಸೆಮಿಟಿ ಒಳಗಿನ ಟಿಯೋಗಾ ಘಾಟು 3,031 ಮೀಟರ್ ಎತ್ತರ ಐತಿ, ಹಿಮ ಬಿದ್ದು ರೋಡ್ ಬಂದ್ ಆಗಿರ್ತೈತಿ. ದಸರಾ ಮುಗಿಸ್ಕೊಂಡು ಬರ್ರಿ ಅನ್ನು, ಅಕ್ಟೋಬರ್‌ದಾಗ ಮ್ಯಾಲಿನ ರೋಡ್ ಬಹುತೇಕ ಮುಚ್ಚಿರಂಗಿಲ್ಲ, ಕೆಳಗಿನ ಕಾವೂ ಇಳದಿರ್ತೈತಿ. ಲಾಸೆನ್ 1915ರಾಗ ಸಿಡದ ಜ್ವಾಲಾಮುಖಿ, ನೋಡೂವಂಥಾದ್ದು ಖರೇ, ಆದ್ರ ಅದು ಉತ್ತರ ದಿಕ್ಕಿಗೈತಿ, ಈ ಸಲ ಬಿಟ್ಟಬಿಡು.

ಮೊನ್ನೆ ಗದಗಕ್ಕ ಹೋಗಿದ್ದೆ. ಕಾಕಾ ಕೇಳಿದ್ರು, "ತಮ್ಮಾ, ಇಷ್ಟ ರೊಕ್ಕ ಸುರದು ಮಳಿ ಇಲ್ಲದ ಭೂಮಿ ನೋಡಾಕ ಅಮೆರಿಕಕ್ಕ ಯಾಕ ಹೋಗಬೇಕೋ, ನಮ್ಮ ಎರಿ ಹೊಲಕ್ಕ ಬಾ, ಪುಕ್ಕಟ ತೋರಸ್ತೀನಿ." ನಾ ಅಂದೆ, ಕಾಕಾ, ಅದನ್ನ ನೀವ ನೋಡಬೇಕು. ಮುಂಗಾರು ಮೋಡ ಪಶ್ಚಿಮ ಘಟ್ಟದ ಕ್ಯಾಸಲ್ ರಾಕ್‌ನಾಗ ಸುರದು, ಧಾರವಾಡಕ್ಕ ಜಿಟಿಜಿಟಿ ಆಗಿ, ಗದಗಕ್ಕ ಬರೂದ್ರಾಗ ಬರೇ ಗಾಳಿ ಆಗಿರ್ತೈತಲ್ಲ, ಅಲ್ಲೂ ಅದ ಕಥಿ, ಪೆಸಿಫಿಕ್ ಸಮುದ್ರದ ಮೋಡ ಮೊದ್ಲ ಸಿಯೆರಾ ಗುಡ್ಡಕ್ಕ ಬಡದು ಅಲ್ಲೇ ನೀರು ಹಾಕ್ತಾವ, ಆಮ್ಯಾಲೆ ಇನ್ನೂ ಒಂದೆರಡು ಗುಡ್ಡದ ಸಾಲು ದಾಟಬೇಕು, ಡೆತ್ ವ್ಯಾಲಿಗೆ ಮುಟ್ಟೂದ್ರಾಗ ಏನೂ ಉಳದಿರಂಗಿಲ್ಲ. ನಮ್ಮ ಗದಗಿಗೆ ವರ್ಷಕ್ಕ 60 ಸೆಂಟಿಮೀಟರ್ ಹತ್ರ ಮಳಿ, ಅಲ್ಲಿ 5. ಕಾಕಾ ಸ್ವಲ್ಪ ಹೊತ್ತು ಸುಮ್ನ ಕುಂತು, "ಐದರಾಗ ಏನ ಬೆಳಿತಾರ?" ಅಂದ್ರು!

ಅದಕ್ಕ ಈ ರೂಟ್ ಹಿಡಿ: ಟಿಯೋಗಾ ದಾಟಿ ಲೀ ವೈನಿಂಗ್ ಊರಿಗೆ ಇಳಿ, ಹೈವೇ 395 ಹಿಡದು ದಕ್ಷಿಣಕ್ಕ ಲೋನ್ ಪೈನ್ ಊರು, ಅಲ್ಲಿ ವಸ್ತಿ. ಮುಂಜಾನೆ ಪಶ್ಚಿಮಕ್ಕ ನೋಡಿದ್ರ ಮೌಂಟ್ ವಿಟ್ನಿ, 4,421 ಮೀಟರ್. ಅಲ್ಲಿಂದ ಹೈವೇ 190ರ ಮ್ಯಾಲೆ ಹೋದ್ರ ಅದ ದಿನ ಸಂಜಿಗೆ ಡೆತ್ ವ್ಯಾಲಿಯ ಬ್ಯಾಡ್‌ವಾಟರ್, ಸಮುದ್ರಕ್ಕಿಂತ 86 ಮೀಟರ್ ಕೆಳಗ. ಕಾಲಾಗ ಬಿಳೇ ಉಪ್ಪು, ಹಕ್ಕಳದಂಗ ಅಂಚು ಎದ್ದಿರ್ತಾವ, ತುಳದ್ರ ಕರಕರ ಅಂತಾವ. ಗಾಡಿ ನಿಂದರಿಸಿದ ಮ್ಯಾಲೆ ಹಿಂದಿನ ಗುಡ್ಡಾನ ತಲಿ ಎತ್ತಿ ನೋಡು, ಬಂಡೆಗೆ ಒಂದು ಬೋರ್ಡ್ ಹಚ್ಯಾರ, "ಸೀ ಲೆವೆಲ್" ಅಂತ, ಅಷ್ಟ ಎತ್ತರಕ್ಕ! ಕಾಕಾಗ ಮೊದ್ಲ ಹೇಳಬ್ಯಾಡ, ಅವರ ಹುಡುಕ್ಲಿ.

ಜ್ವಾಲಾಮುಖಿ ಬೇಕಂದ್ರ ಡೆತ್ ವ್ಯಾಲಿಯ ಉತ್ತರದ ತುದಿಗೆ ಯುಬಿಹೀಬಿ ಅಂತ ಕುಣಿ ಐತಿ. ಅಲ್ಲಿ ಲಾವಾ ಹರಿದಿಲ್ಲ, ಕೆಳಗಿಂದ ಕಾದ ಕಲ್ಲಿನ ರಸ ಏರಿ ಅಂತರ್ಜಲಕ್ಕ ತಾಗಿ ನೀರು ಒಮ್ಮಿಗೆ ಉಗಿ ಆಗಿ ನೆಲಾನ ಒಡಕೊಂಡು ಹೋಗೇತಿ, ಸುಮಾರು 800 ಮೀಟರ್ ಅಗಲದ ಕುಣಿ, ಸುತ್ತ ಕರೇ ಗರಸು. ಕಪ್ಪತಗುಡ್ಡದಾಗೂ 250 ಕೋಟಿ ವರ್ಷಕ್ಕಿಂತ ಹಳೇ ಲಾವಾದ ಕಲ್ಲು ಅದಾವು, ಯಾರೂ ಗಾಡಿ ನಿಂದರಿಸಿ ನೋಡಂಗಿಲ್ಲ ಬಿಡು. ಕುಣಿ ಒಳಗ ಮಾತ್ರ ಕಾಕುನ್ನ ಇಳಸಬ್ಯಾಡ, ಇಳಿಯೂದು ಸಸಾರ, ಹತ್ತೂವಾಗ ಒಂದ ಹೆಜ್ಜಿ ಇಟ್ರ ಅರ್ಧ ಹೆಜ್ಜಿ ಹಿಂದ ಜಾರ್ತೈತಿ, ಮಣಕಾಲು ಕೈ ಕೊಡ್ತಾವ.

ಪೆಟ್ರೋಲ್ ಲೋನ್ ಪೈನ್‌ನಾಗ ಫುಲ್ ಮಾಡ್ಸು, ಒಳಗ ತುಟ್ಟಿ. ಮ್ಯಾಪ್ ಆಫ್‌ಲೈನ್ ಇಳಿಸ್ಕೋ, ಸಿಗ್ನಲ್ ಇರಂಗಿಲ್ಲ. ಏರಿನ್ಯಾಗ ಎಸಿ ಬಂದ್ ಮಾಡ್ರಿ ಅಂತ ಬೋರ್ಡ್ ಕಂಡ್ರ ಖರೇನ ಬಂದ್ ಮಾಡು, ಇಂಜಿನ್ ಕಾಯ್ತೈತಿ. ಊಟಕ್ಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು.

ಟಿಕೆಟ್ ತಗಿಯೂಕಿಂತ ಮೊದ್ಲ ಮನಿಗೆ ಫೋನ್ ಹಚ್ಚು. ಕಾಕಾ ಅಕ್ಟೋಬರ್‌ಕ್ಕ ಹೂಂ ಅಂದಾರ, ಕಾಕುನ್ನ ನೀನ ಒಪ್ಪಸಬೇಕು, ಅವರಿಗೆ ದೀಪಾವಳಿ ಗದಗಿನ ಮನ್ಯಾಗ ಆಗಬೇಕಂತ.

ನಿನ್ನ ದೋಸ್ತ,
ಧಾರವಾಡ