ಹೈಫಾ ಗೆದ್ದ ನಮ್ಮ ಕುದುರೆ ಸವಾರರ ಕಥೆ ಮಕ್ಕಳಿಗೆ ತಿಳಿಯಲಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಎತ್ತರದ ಕಲ್ಲಿನ ಕಂಬ ಇದೆ. ಮೊದಲನೇ ಮಹಾಯುದ್ಧದಲ್ಲಿ ಪ್ರಾಣ ಕೊಟ್ಟ, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಸವಾರರ ನೆನಪಿಗೆ ನಿಲ್ಲಿಸಿದ್ದು. ಆ ದಾರಿಯಲ್ಲಿ ಎಷ್ಟೋ ಸಲ ಸುಮ್ನೆ ಹಾದುಹೋಗಿದ್ದೇನೆ. ಅದು ಯಾರದ್ದು ಅಂತ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಅದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. 1914ರಲ್ಲಿ ಈ ಪಡೆ ಬ್ರಿಟಿಷರ ಪರವಾಗಿ ಕುದುರೆಗಳ ಸಮೇತ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಗೆ ಕಾವಲು ನಿಂತಿತು. ನಾಲ್ಕು ವರ್ಷದ ಮೇಲೆ, 1918ರ ಸೆಪ್ಟೆಂಬರ್ 23ರಂದು, ಆಗ ತುರ್ಕರ ಕೈಯಲ್ಲಿದ್ದ, ಈಗ ಇಸ್ರೇಲಿನಲ್ಲಿರುವ ಹೈಫಾ ಊರಿನ ಮುಂದೆ ಬಂದು ನಿಂತಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ. ನದಿ ದಂಡೆಯಲ್ಲಿ ಕಾಲಿಟ್ಟರೆ ಕುದುರೆ ಹೂತುಹೋಗುವಂಥ ಕೆಸರು. ನಡುವೆ ಇಕ್ಕಟ್ಟಿನ ದಾರಿ, ಬೆಟ್ಟದ ಮೇಲಿಂದ ತುರ್ಕರ ಕಡೆಯ ಫಿರಂಗಿಗಳು. ಮೈಸೂರಿನ ಒಂದು ತುಕಡಿ ಕಡಿದಾದ ಹಾದಿ ಹಿಡಿದು ಬೆಟ್ಟ ಹತ್ತಿತು. ನೆರವಿಗೆ ಬಂದ ಇಂಗ್ಲಿಷ್ ಸವಾರರ ಜೊತೆ ಸೇರಿ ಆ ಫಿರಂಗಿಗಳನ್ನು ಹಿಡಿಯಿತು. ಕೆಳಗೆ ಜೋಧಪುರ ಸಂಸ್ಥಾನದ ಸವಾರರು ಭರ್ಜಿ ಹಿಡಿದು ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಂದು ತೀರಿಕೊಂಡರು. ಮೈಸೂರಿನವರು ಜೋಧಪುರದವರ ಹಿಂದೆಯೇ ಊರೊಳಗೆ ಹೊಕ್ಕರು. ಸೆರೆ ಸಿಕ್ಕ ಶತ್ರುಗಳು 1,350 ಮಂದಿ.

ನಮ್ಮ ಕಡೆ 8 ಜನ ಸತ್ತರು, ಕುದುರೆಗಳು 60. ಆ ಮೂಕಪ್ರಾಣಿಗಳ ಲೆಕ್ಕ ಓದಿ ನನಗೆ ಕಣ್ಣು ತುಂಬಿ ಬಂತು.

ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಸವಾರರದ್ದು. 1953ರಲ್ಲಿ ಸಂಸ್ಥಾನಗಳ ಕುದುರೆ ಪಡೆಗಳನ್ನು ಕೂಡಿಸಿ ಹೊಸ ರೆಜಿಮೆಂಟ್ ಕಟ್ಟಿದಾಗ ಮೈಸೂರಿನದ್ದೂ ಅದರಲ್ಲಿ ಸೇರಿತು. ಅದೇ ಇವತ್ತಿನ ಜೈಪುರದ 61ನೇ ಕ್ಯಾವಲ್ರಿ. ಗಣರಾಜ್ಯೋತ್ಸವದ ಪರೇಡಿನಲ್ಲಿ ಕುದುರೆ ಏರಿ ಬರ್ತಾರಲ್ಲ, ಅವರೇ. ಆ ಸಾಲಿನಲ್ಲಿ ನಮ್ಮ ಊರಿನ ಪಾಲೂ ಇದೆ ಅಂತ ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ?

ನಾನು ಕೇಳುವುದು ಜಾಸ್ತಿ ಇಲ್ಲ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಹೈಫಾಗೆ ಎರಡು ಪುಟ ಕೊಡಿ. ಪ್ರತಿ ಸೆಪ್ಟೆಂಬರ್ 23ರಂದು ಬೆಂಗಳೂರಿನ ಸರ್ಕಾರಿ ಶಾಲೆಗಳ ಮಕ್ಕಳನ್ನು ಆ ಕಂಬದ ಹತ್ತಿರ ಕರೆತರುವ ವ್ಯವಸ್ಥೆ ಮಾಡಿ. ಹೈಫಾದಲ್ಲಿ ಆ ದಿನ ಏನಾಯಿತು ಅಂತ ಅವರ ಮೇಷ್ಟ್ರು ಅಲ್ಲೇ ನಿಂತು ಹೇಳಲಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕ