ಜ್ವರ ಬಿಟ್ಟ ಮೇಲೆ ಉದುರುವ ಕೂದಲು

ಮಾನ್ಯರೇ,

ತೀವ್ರ ಜ್ವರ, ಶಸ್ತ್ರಚಿಕಿತ್ಸೆ ಅಥವಾ ಮಾನಸಿಕ ಆಘಾತವಾದ ಎರಡು–ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರತೊಡಗುತ್ತದೆ. ಆಗ ಜನ ದೂರುವುದು ಹೊಸ ಶಾಂಪೂವನ್ನು! ಬೆಳೆಯುತ್ತಿದ್ದ ಕೂದಲು ಒಮ್ಮೆಲೇ ವಿಶ್ರಾಂತಿ ಹಂತಕ್ಕೆ ಜಾರಿ, ಆ ಹಂತ ಮುಗಿದಾಗ ಕಳಚಿಕೊಳ್ಳುವುದರಿಂದ ಈ ಅಂತರ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಇಂಥ ಸಮಯದಲ್ಲಿ ಅದು 300ರವರೆಗೂ ಹೋಗಬಹುದು. ಬೇರು ಸತ್ತಿರುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ತಲೆಸ್ನಾನ ಬಿಟ್ಟು ಪ್ರಯೋಜನವಿಲ್ಲ, ಮುಂದಿನ ಸ್ನಾನಕ್ಕೆ ಎಲ್ಲ ಒಟ್ಟಿಗೆ ಬರುತ್ತದಷ್ಟೆ.

ಆರು ತಿಂಗಳು ದಾಟಿದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನಿನ ಅಳತೆ), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ಎಂಬ ಬಿ ಜೀವಸತ್ವದ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಥೈರಾಯ್ಡ್ ವರದಿಯನ್ನು ಅದು ಏರುಪೇರು ಮಾಡಬಲ್ಲದು. ಅಲ್ಲಲ್ಲಿ ದುಂಡಗೆ ಬೋಳಾದರೆ, ನೆತ್ತಿ ಕೆಂಪಾಗಿ ತುರಿಸಿದರೆ ಕಾಯದೆ ಚರ್ಮವೈದ್ಯರನ್ನು ಕಾಣಿ.