ಸ್ಟೀರಾಯ್ಡ್ ನಿಂತ ದಿನ, ಕೆಲವರಿಗೆ ಥ್ಯಾಂಕ್ಸ್

ನನಗಿರುವುದು ಲೂಪಸ್, ಅಂದರೆ ದೇಹದ ಕಾವಲು ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಮೊನ್ನೆ ಗುರುವಾರ ರಿಪೋರ್ಟ್ ಬಂತು. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಕಾಯಿಲೆ ಕೆರಳಿದಾಗ ರಕ್ತದಲ್ಲಿ ಇಳಿಯುವ ಸಿ3, ಸಿ4 ಪ್ರೋಟೀನುಗಳು ನಾರ್ಮಲ್. ನಮ್ಮದೇ ಡಿಎನ್‌ಎಗೆ ಅಂಟುವ ಆಂಟಿಬಾಡಿ ಹುಡುಕುವ ಡಿಎಸ್‌ಡಿಎನ್‌ಎ ಟೆಸ್ಟ್ ನೆಗೆಟಿವ್. ಡಾಕ್ಟರ್ ಮೇಡಂ ಚೀಟಿಯಲ್ಲಿ ಸ್ಟೀರಾಯ್ಡ್ ಹೆಸರಿನ ಮೇಲೆ ಗೀಟು ಹಾಕಿದರು. ಐದು ವರ್ಷದಲ್ಲಿ ಇದೇ ಮೊದಲು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಋಣ ತುಂಬಾ ಇದೆ. ಹೇಳಬೇಕಾದವರಿಗೆ ಇವತ್ತೇ ಹೇಳಿಬಿಡುತ್ತೇನೆ.

2019ರಲ್ಲಿ ಕೀಲುನೋವಿನಿಂದ ಶುರುವಾಯಿತು. ಆಮೇಲೆ ಸಣ್ಣ ಜ್ವರ, ಉದುರುವ ಕೂದಲು, ಬಿಸಿಲಿಗೆ ಹೋದರೆ ಕೆನ್ನೆ ಕೆಂಪು. ಮೊದಲು ತೋರಿಸಿದ ಕಡೆ ‘ಟೆನ್ಷನ್ ಜಾಸ್ತಿ ಮಾಡ್ಕೋತೀರಿ’ ಅಂತ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಎಂಟು ತಿಂಗಳು ಹಾಗೇ ಹೋಯಿತು. ಕಾಲು ಊದಿ, ಮೂತ್ರದಲ್ಲಿ ನೊರೆ ಕಾಣುವ ಹೊತ್ತಿಗೆ ಕಿಡ್ನಿಗೂ ತಗುಲಿತ್ತು. ಬಯಾಪ್ಸಿ ಮಾಡಿದರು. ಲೂಪಸ್, ಕ್ಲಾಸ್ 4, ಅಂದರೆ ಕಿಡ್ನಿಗೆ ಜೋರಾಗಿಯೇ ತಗುಲಿತ್ತು.

ಟೆನ್ಷನ್ ಅನ್ನುವ ಮಾತು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಆ ವರ್ಷ ಅಪ್ಪ ತೀರಿಕೊಂಡಿದ್ದರು. ಅತ್ತೂ ಅತ್ತೂ ನಾನೇ ಕಾಯಿಲೆ ತಂದುಕೊಂಡೆ ಅಂದುಕೊಂಡಿದ್ದೆ. ಆಮೇಲೆ ಎಲ್ಲೋ ‘ಆಕ್ಸಿಡೇಟಿವ್ ಸ್ಟ್ರೆಸ್‌ಗೂ ಆಟೋಆಂಟಿಬಾಡಿಗೂ ನಂಟಿದೆ’ ಅಂತ ಓದಿದೆ. ಆಟೋಆಂಟಿಬಾಡಿ ಅಂದರೆ ದೇಹ ತನ್ನ ಮೇಲೆಯೇ ಬಿಡುವ ಆಂಟಿಬಾಡಿ. ಸ್ಟ್ರೆಸ್ ಅಂದರೆ ಚಿಂತೆ ತಾನೇ? ತಪ್ಪು ನನ್ನದೇ ಅಂತ ಖಾತ್ರಿಯಾಯಿತು.

ಮೊದಲ ಥ್ಯಾಂಕ್ಸ್ ನಮ್ಮ ರುಮಟಾಲಜಿಸ್ಟ್, ಅಂದರೆ ಕೀಲುನೋವು, ಲೂಪಸ್ ಥರದ ಕಾಯಿಲೆ ನೋಡುವ ಡಾಕ್ಟರ್ ಮೇಡಂಗೆ. ಒಂದು ದಿನ ಇದನ್ನೆಲ್ಲ ಅವರ ಹತ್ತಿರ ಹೇಳಿಕೊಂಡೆ. ಹೊರಗೆ ಅಷ್ಟುದ್ದ ಕ್ಯೂ ಇದ್ದರೂ ಅವತ್ತು ಅವರು ಪೆನ್ನು ಕೆಳಗಿಟ್ಟರು. ‘ಬಾಳೆಕಾಯಿ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕದೆ ಬಿಟ್ಟರೆ ಏನಾಗುತ್ತೆ?’ ಅಂತ ಕೇಳಿದರು. ಕಪ್ಪಾಗುತ್ತೆ ಅಂದೆ. ‘ಆಮ್ಲಜನಕ ತಾಗಿ ಕಪ್ಪಾಗುತ್ತೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಆ ಥರದ ಸ್ಟ್ರೆಸ್ ಕಣಮ್ಮ. ಮನಸ್ಸಿನದ್ದಲ್ಲ.’

ನಾವು ಎಳೆದುಕೊಂಡ ಆಮ್ಲಜನಕದಲ್ಲಿ ಚೂರುಪಾರು, ಜೀವಕೋಶದೊಳಗೆ ಸಿಕ್ಕಿದ್ದಕ್ಕೆಲ್ಲ ಕೈಹಾಕುವ ಪುಂಡು ಕಣಗಳಾಗುತ್ತದಂತೆ. ಅವೂ ಬೇಕು. ಬಿಳಿ ರಕ್ತಕಣಗಳು ರೋಗಾಣು ಕೊಲ್ಲುವುದು ಅವುಗಳಿಂದಲೇ. ಹದದಲ್ಲಿಡಲು ಗ್ಲುಟಥಯೋನ್ ಅಂತ ಒಂದು ವಸ್ತುವನ್ನು ದೇಹವೇ ಮಾಡಿಕೊಳ್ಳುತ್ತದೆ. ಲೂಪಸ್ ಇರುವವರಲ್ಲಿ ಅದು ಕಮ್ಮಿಯಾಗುತ್ತದೆ. ಹದ ತಪ್ಪಿದರೆ ನಮ್ಮದೇ ಪ್ರೋಟೀನು, ನಮ್ಮದೇ ಡಿಎನ್‌ಎ ರೂಪ ಕೆಡುತ್ತದೆ. ದೇಹದ ಕಾವಲಿಗೆ ಮನೆಯವರ ಗುರುತೇ ಸಿಗುವುದಿಲ್ಲ. ಕಳ್ಳ ಅಂದುಕೊಂಡು ಆಂಟಿಬಾಡಿ ಬಿಡುತ್ತದೆ. ಅವು ಡಿಎನ್‌ಎ ಜೊತೆ ಅಂಟಿಕೊಂಡು ಕಿಡ್ನಿಯ ಜರಡಿಯಲ್ಲಿ ಕೂರುತ್ತವೆ. ಅಲ್ಲಿ ಊತ. ಊತಕ್ಕೆ ಬಿಳಿಕಣಗಳು ಓಡಿಬರುತ್ತವೆ, ಬಂದು ಮತ್ತಷ್ಟು ಪುಂಡು ಕಣ ಚೆಲ್ಲುತ್ತವೆ. ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತು. ಬಿಸಿಲಿನ ನೇರಳಾತೀತ ಕಿರಣವೂ ಇದನ್ನೇ ಮಾಡುತ್ತದೆ. ಹಾಗೆ ಕೆಟ್ಟ ಡಿಎನ್‌ಎಯನ್ನು ನಮ್ಮ ಕಿಣ್ವಕ್ಕೆ ಸುಲಭವಾಗಿ ಒಡೆದು ಹಾಕಲೂ ಆಗುವುದಿಲ್ಲ. ನನ್ನ ಕೆನ್ನೆ ಯಾಕೆ ಕೆಂಪಾಗುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ಮುಖ ನೋಡದವರಿಗೂ ಥ್ಯಾಂಕ್ಸ್ ಹೇಳಬೇಕು. ಲೂಪಸ್ ರೋಗಿಗಳ ಆಂಟಿಬಾಡಿಗಳು ಹೀಗೆ ಹಾಳಾದ ಡಿಎನ್‌ಎಗೇ ಜಾಸ್ತಿ ಅಂಟುತ್ತವೆ ಅಂತ 1990ರ ದಶಕದಲ್ಲೇ ತೋರಿಸಿದವರು ನಮ್ಮ ದೇಶದವರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ರಶೀದ್ ಅಲಿ ಮತ್ತು ಅವರ ಜೊತೆಗಾರರು. ಇದು ತಿಳಿದಾಗ ನಿಜವಾಗಿ ಹೆಮ್ಮೆಯಾಯಿತು.

ಇನ್ನೊಂದು ಅಧ್ಯಯನ 2003ರದ್ದು. ಅಮೆರಿಕದ ಸೈನ್ಯದವರು ಸೈನಿಕರ ರಕ್ತದ ಸೀರಂ ತೆಗೆದಿಟ್ಟಿರುತ್ತಾರೆ. ಮುಂದೆ ಲೂಪಸ್ ಬಂದ 130 ಜನರ ಹಳೇ ಸೀರಂ ಹುಡುಕಿ ನೋಡಿದರು. 115 ಜನರಲ್ಲಿ ಕಾಯಿಲೆ ಪತ್ತೆಯಾಗುವ ಮೊದಲೇ ಆಟೋಆಂಟಿಬಾಡಿ ಇತ್ತು. ಕೆಲವರಲ್ಲಿ ಒಂಬತ್ತು ವರ್ಷ ಮುಂಚೆಯೇ! ಮೇಡಂ ಇದನ್ನು ಹೇಳಿ, ‘ನಿಮ್ಮಲ್ಲೂ ಅಪ್ಪ ಇದ್ದಾಗಲೇ ಶುರುವಾಗಿದ್ದಿರಬಹುದು’ ಅಂದರು. ಎದೆ ಮೇಲಿನ ಕಲ್ಲು ಇಳಿಯಿತು. ಆಮೇಲೆ ಅಪ್ಪನಿಗಾಗಿ ಅಳುವುದಕ್ಕೆ ಹೆದರಲಿಲ್ಲ.

ಒಂದು ತಪ್ಪು ಮಾಡಿದ್ದೇನೆ, ಮುಚ್ಚಿಡುವುದಿಲ್ಲ. ಸ್ಟ್ರೆಸ್ ಆಕ್ಸಿಡೇಟಿವ್ ಆದರೆ ಆಂಟಿಆಕ್ಸಿಡೆಂಟ್ ತಿಂದರೆ ಸಾಕಲ್ವಾ ಅಂತ ದುಬಾರಿ ಡಬ್ಬಿ ತಂದು, ಲೂಪಸ್‌ಗೆ ಕೊಟ್ಟಿದ್ದ ಎಚ್‌ಸಿಕ್ಯೂ (ಹೈಡ್ರಾಕ್ಸಿಕ್ಲೋರೋಕ್ವಿನ್) ಮಾತ್ರೆ ಬಿಟ್ಟೆ. ಆರೇ ವಾರಕ್ಕೆ ಫ್ಲೇರ್ ಆಯಿತು, ಅಂದರೆ ಕಾಯಿಲೆ ಮತ್ತೆ ಕೆರಳಿತು, ಕಾಲು ಮತ್ತೆ ಊದಿತು. ಮೇಡಂ ಬೈಯಲಿಲ್ಲ. ಗ್ಲುಟಥಯೋನ್ ಹೆಚ್ಚಿಸುವ ಎನ್‌ಎಸಿ ಅನ್ನುವ ಔಷಧಿಯನ್ನು 36 ಲೂಪಸ್ ರೋಗಿಗಳ ಮೇಲೆ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದ್ದಾರೆ, ಫಲ ಆಸೆ ಹುಟ್ಟಿಸುವಂಥದ್ದು, ಆದರೆ 36 ಅಂದರೆ ಬಹಳ ಚಿಕ್ಕ ಸಂಖ್ಯೆ ಅಂದರು. ಇರುವ ಮಾತ್ರೆ ಬಿಟ್ಟು ಅದರ ಹಿಂದೆ ಹೋಗುವ ಹಾಗಿಲ್ಲ. ನೀವೂ ದಯವಿಟ್ಟು ಬಿಡಬೇಡಿ.

ಎಚ್‌ಸಿಕ್ಯೂ ಅಂದಾಗ ನಮ್ಮ ಬೀದಿಯ ಮೆಡಿಕಲ್ ಶಾಪ್ ಅಣ್ಣ ನೆನಪಾಗುತ್ತಾರೆ. 2020ರಲ್ಲಿ ಕೊರೊನಾಗೆ ಇದೇ ಮಾತ್ರೆ ಅಂತ ಸುದ್ದಿಯಾಗಿ ಎಲ್ಲೂ ಸಿಗದಂತಾಯಿತು. ಲಾಕ್‌ಡೌನ್ ಬೇರೆ. ಅವರು ನಾಲ್ಕು ಅಂಗಡಿಗೆ ಫೋನ್ ಮಾಡಿ, ಎರಡು ಸ್ಟ್ರಿಪ್ ಹುಡುಕಿ ತಾವೇ ಮನೆ ಬಾಗಿಲಿಗೆ ತಂದುಕೊಟ್ಟರು. ಅಣ್ಣಾ, ಅದನ್ನು ಮರೆತಿಲ್ಲ.

ಶಾಲೆಯಲ್ಲಿ ನನ್ನ ಮೈದಾನದ ಡ್ಯೂಟಿಯನ್ನೆಲ್ಲ ಸುಮ್ನೆ ತಮ್ಮ ಮೇಲೆ ಹಾಕಿಕೊಂಡ ಗೆಳತಿಯರಿಗೂ ಥ್ಯಾಂಕ್ಸ್.

ಇನ್ನು ನಮ್ಮ ಮನೆಯವರು. ಬೆಳಿಗ್ಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಡಬ್ಬಿ ತೆಗೆಯಲಾಗದೆ ಒಂದು ದಿನ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಮಾರನೇ ದಿನದಿಂದ ಎಲ್ಲ ಡಬ್ಬಿಯ ಮುಚ್ಚಳವೂ ಸಡಿಲ. ಕಾಫಿಪುಡಿ, ಸಕ್ಕರೆ, ಸಾಸಿವೆ, ಉಪ್ಪಿನಕಾಯಿ ಜಾಡಿ ಸಹ. ರಾತ್ರಿ ಮಲಗುವ ಮುಂಚೆ ಒಂದೊಂದನ್ನೇ ಸಡಿಲ ಮಾಡಿಡುತ್ತಿದ್ದರು. ಈ ಐದು ವರ್ಷದಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿಲ್ಲ.

ಎಚ್‌ಸಿಕ್ಯೂ ಮುಂದುವರಿಯುತ್ತದೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ರಕ್ತ. ಗುರುವಾರ ಲ್ಯಾಬಿನ ಹುಡುಗಿ, ‘ಅಧ್ಯಯನಕ್ಕೆ ಅಂತ ಒಂದು ಟ್ಯೂಬ್ ಜಾಸ್ತಿ ತಗೋಬಹುದಾ ಮೇಡಂ?’ ಅಂತ ಮೆಲ್ಲಗೆ ಕೇಳಿದಳು. ಆ 130 ಜನ ನೆನಪಾದರು. ಫಾರಂಗೆ ಸಹಿ ಹಾಕಿ, ತೋಳಿನ ಬಟ್ಟೆ ಮಡಚಿ ಕೈ ಚಾಚಿದೆ.